ಮನೆ ಯಾರ ಹೆಸರಿನಲ್ಲಿದೆ?

ರಾಮನಗರ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ರೇಷ್ಮೆಗೂಡಿನ ಮಾರುಕಟ್ಟೆ, ‘ಶೋಲೆ’ ಚಿತ್ರೀಕರಣಗೊಂಡ ಬಂಡೆಗಳು. ಒಂದು ಕಾಲಕ್ಕೆ ಆ ಊರು ಬ್ಯಾರಿ ಕ್ಲೋಸ್‌ನ ಹೆಸರಿನ ಕ್ಲೋಸ್‌ಪೇಟೆಯಾಗಿತ್ತು. ಭೂವಿಜ್ಞಾನಿಗಳ ಬಾಯಲ್ಲಿ ಅಲ್ಲಿಯ ಕಲ್ಲು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ರಾಜ್ಯ ಸಂಪುಟ ತೀರ್ಮಾನಿಸಿತು. ನಾನು ಈ ಬರಹವನ್ನು ಬರೆಯುತ್ತಿರುವುದು ಇನ್ನೊಂದು ರಾಮನಗರದಲ್ಲಿ ಕುಳಿತು. ಗಂಗೆಯ ಪೂರ್ವದಡದಲ್ಲಿ, ಕಾಶಿಗೆ ಎದುರಾಗಿ, ಕಾಶೀನರೇಶರ ಕೋಟೆಯಿರುವ ಊರು ಇದು. ಇಲ್ಲಿಗೆ ರೈಲಿನಲ್ಲಿ ಬರುವವರು ಹಲವರು ಇಳಿಯುವ ಜಂಕ್ಷನ್ನಿಗೂ 2018ರಲ್ಲಿ ಹೆಸರು ಬದಲಾಗಿದೆ. ಫಲಕದಲ್ಲಿ ಪಂಡಿತ ದೀನದಯಾಳ ಉಪಾಧ್ಯಾಯ ಜಂಕ್ಷನ್ ಎಂದಿದ್ದರೂ ಆಟೋದವರು ಕೂಗುವುದು ಮೊಘಲ್‌ಸರಾಯ್ ಎಂದೇ.

ಈ ಹೆಸರುಗಳ ಮಾತು ಏಕೆಂದರೆ, ನೆಲದ ಮೇಲಿನ ಊರಿನ ಹೆಸರನ್ನು ಸರ್ಕಾರ ಎಷ್ಟು ಸಲ ಬದಲಿಸಿದರೂ ಊರು ಕಳೆದುಹೋಗುವುದಿಲ್ಲ. ಕಾಲಿನ ಕೆಳಗೆ ನೆಲವಿದೆ, ಕೇಳಿದರೆ ದಾರಿ ಹೇಳುವವರಿದ್ದಾರೆ. ಅಂತರ್ಜಾಲದಲ್ಲಿ ಹಾಗಲ್ಲ. ಅಲ್ಲಿ ಹೆಸರಿನ ಕೆಳಗೆ ನೆಲವಿಲ್ಲ; ಹೆಸರೇ ನೆಲ. ಡೊಮೈನ್ ಹೆಸರು ಕೈತಪ್ಪಿದರೆ ಮನೆಯೂ ದಾರಿಯೂ ಒಟ್ಟಿಗೇ ಹೋದಂತೆ. ಇಷ್ಟು ಸರಳವಾದ ಸಂಗತಿಯನ್ನು ಕನ್ನಡದ ಸಾಹಿತ್ಯಬಳಗಗಳು ಇಪ್ಪತ್ತು ವರ್ಷಗಳಿಂದ ‘ತಾಂತ್ರಿಕ ವಿಷಯ’ವೆಂದು ಯಾವನೋ ಒಬ್ಬ ಹುಡುಗನ ತಲೆಗೆ ಕಟ್ಟಿ, ತಾವು ‘ಓದುಗರಿಲ್ಲ’ ಎಂಬ ಗೋಷ್ಠಿ ನಡೆಸುತ್ತಿವೆ. ಈ ಎರಡು ಕೊರಗೂ ಒಂದೇ ಬೇರಿನವು ಎಂಬುದು ನನ್ನ ವಾದ.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇನೆ. ನಾನು ಹಿಂದೆ ಸೇರಿಕೊಂಡಿದ್ದ ಬಳಗವೊಂದಕ್ಕೆ ಚೆಂದದ ಹೆಸರಿತ್ತು. ಅದನ್ನು ನೋಂದಾಯಿಸಿದವನು ನಮ್ಮಲ್ಲೇ ಕಿರಿಯನಾದ ಒಬ್ಬ ಗೆಳೆಯ. ನೋಂದಣಿಗೆ ಕೊಟ್ಟದ್ದು ತನ್ನ ಕಚೇರಿಯ ಮಿಂಚಂಚೆ. ಎರಡು ವರ್ಷಗಳ ಬಳಿಕ ಅವನು ಕೆಲಸ ಬಿಟ್ಟ, ಅಂಚೆಪೆಟ್ಟಿಗೆ ಮುಚ್ಚಿತು. ನವೀಕರಣದ ನೆನಪೋಲೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಬಿದ್ದವು. ನಮಗೆ ಗೊತ್ತಾಗುವ ಹೊತ್ತಿಗೆ ಹೆಸರು ಬೇರೆಯವರದಾಗಿತ್ತು; ಅಲ್ಲೀಗ ಜೂಜಿನ ಜಾಹೀರಾತು ಕುಣಿಯುತ್ತಿದೆ. ನಮ್ಮ ಬಳಗದ ಹಿರಿಯ ಸದಸ್ಯೆಯೊಬ್ಬರು ತಮ್ಮ ಕೊನೆಯ ವರ್ಷಗಳಲ್ಲಿ ಬರೆದ ಪ್ರಬಂಧಗಳು ಅಲ್ಲಿ ಮಾತ್ರ ಪ್ರಕಟವಾಗಿದ್ದವು. ಅವರು ತೀರಿಕೊಂಡ ಮೇಲೆ ಅವರ ಮಗಳು ‘ಅಮ್ಮನ ಬರಹ ಎಲ್ಲಿ ಸಿಗುತ್ತೆ?’ ಎಂದು ಕೇಳಿದಾಗ ಉತ್ತರವಿರಲಿಲ್ಲ. ಅರ್ಧದಷ್ಟನ್ನು ಇಂಟರ್ನೆಟ್ ಆರ್ಕೈವ್‌ನ ಹಳೆಯ ನಕಲುಗಳಿಂದ ಹೆಕ್ಕಿ ತೆಗೆದೆವು. ಉಳಿದರ್ಧ ಹೋಯಿತು. ವರ್ಷಕ್ಕೆ ಒಂದು ಹೊತ್ತಿನ ಹೋಟೆಲ್ ಊಟದ ದುಡ್ಡನ್ನು ಕಟ್ಟದೇ ಹೋದದ್ದಕ್ಕೆ ತೆತ್ತ ಬೆಲೆ ಅದು.

ಇದು ಅಪಘಾತವೆಂದು ಯಾರೂ ಸಮಾಧಾನ ಹೇಳಬೇಕಾಗಿಲ್ಲ. ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದ ಸಾರ್ವತ್ರಿಕ ಹೆಸರುಗಳ ನಿಯಮ ಬಹಳ ಸ್ಪಷ್ಟವಾಗಿದೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ಹೆಸರನ್ನು ಕಾಯ್ದಿರಿಸಬಹುದು. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಒಂದು, ಒಂದು ವಾರದ ಮೊದಲು ಇನ್ನೊಂದು, ಮುಗಿದ ಐದು ದಿನದೊಳಗೆ ಮತ್ತೊಂದು ಸೂಚನೆ ಕಳಿಸಲೇಬೇಕು. ಮುಗಿದ ಮೇಲೂ ನೋಂದಣಿ ಸಂಸ್ಥೆಯ ಮರ್ಜಿಯಂತೆ ಗರಿಷ್ಠ 45 ದಿನ ವಿನಾಯಿತಿ ಉಂಟು. ಅಳಿಸಿದ ಬಳಿಕ ದಂಡ ತೆತ್ತು ಮರಳಿ ಪಡೆಯಲು 30 ದಿನ. ಆಮೇಲೆ 5 ದಿನ ಯಾರೂ ಮುಟ್ಟುವಂತಿಲ್ಲ. ಅನಂತರ ಮೊದಲು ಕೇಳಿದವನಿಗೆ ಹೆಸರು ದಕ್ಕುತ್ತದೆ. ಅಂದರೆ ಮನೆಯನ್ನು ಕಳೆದುಕೊಳ್ಳಲು ತಿಂಗಳುಗಟ್ಟಲೆ ಅಲಕ್ಷ್ಯ ಬೇಕು. ಸೂಚನೆ ಬರುವುದು ನಿಜ; ಅದು ಯಾರಿಗೆ ಬರುತ್ತದೆ ಎಂಬುದಷ್ಟೇ ಪ್ರಶ್ನೆ. ಆ ‘ಯಾರು’ ಎಂಬಲ್ಲಿ ನಮ್ಮ ಬಳಗಗಳ ಸಂಘಟನೆಯ ಬಣ್ಣ ಬಯಲಾಗುತ್ತದೆ. ಅಧ್ಯಕ್ಷರಿದ್ದಾರೆ, ಗೌರವ ಸಂಪಾದಕರಿದ್ದಾರೆ, ಸಲಹಾ ಮಂಡಳಿಯಿದೆ. ಪಾಸ್‌ವರ್ಡ್ ಮಾತ್ರ ಒಬ್ಬನ ಹತ್ತಿರ, ಒಟಿಪಿ ಅವನ ಹಳೆಯ ಸಿಮ್‌ಗೆ.

ಇನ್ನು ಎದುರು ಪಕ್ಷದ ಮಾತು. ‘ಸ್ವಂತ ಹೆಸರು, ಸ್ವಂತ ತಾಣ ಯಾರಿಗೆ ಬೇಕು? ಓದುಗರಿರುವುದು ಫೇಸ್‌ಬುಕ್ಕಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ. ಅವರಿದ್ದಲ್ಲಿಗೆ ನಾವು ಹೋಗಬೇಕು.’ ಈ ಮಾತನ್ನು ಹೇಳುವವರು ದಡ್ಡರಲ್ಲ. ಹೊರನಾಡಿನಲ್ಲಿ ಒಂದು ಕನ್ನಡ ಸಾಲು ಕಣ್ಣಿಗೆ ಬೀಳುವುದೇ ಆ ಓಣಿಗಳಲ್ಲಿ. ಪುಣೆಯಲ್ಲಿಯೋ ಡಲ್ಲಾಸ್‌ನಲ್ಲಿಯೋ ಇರುವವರ ಕಿಸೆಗೆ ನೇರ ತಲಪುವ ದಾರಿ ಅದೇ. ಆದರೆ ಸಂತೆಗೆ ಹೋಗಿ ಕೂಗುವುದು ಬೇರೆ, ಸಂತೆಯಲ್ಲೇ ಮನೆ ಕಟ್ಟುವುದು ಬೇರೆ. ಸಂತೆ ಸಂಜೆಗೆ ಮುಗಿಯುತ್ತದೆ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗುಂಪುಗಳು 2020ರ ಡಿಸೆಂಬರಿನಲ್ಲಿ. ಪ್ರತಿಯೊಂದರಲ್ಲೂ ಕನ್ನಡಿಗರು ಕವಿತೆ ಕಟ್ಟಿದರು, ಛಂದಸ್ಸಿಗಾಗಿ ಜಗಳವಾಡಿದರು, ಊರಿನ ಹಪ್ಪಳ ಸಂಡಿಗೆಯ ಹದ ಹೇಳಿಕೊಟ್ಟರು. ಬಾಗಿಲು ಹಾಕುವಾಗ ಒಡೆಯರು ನಮ್ಮನ್ನು ಕೇಳಲಿಲ್ಲ. ಬಾಡಿಗೆಯನ್ನೇ ಕೊಡದವನನ್ನು ಯಾರು ಕೇಳುತ್ತಾರೆ? ಪುಕ್ಕಟೆ ಸಿಗುತ್ತದೆಂದು ಡಾಟ್ ಟಿಕೆ, ಡಾಟ್ ಎಂಎಲ್ ಹೆಸರುಗಳನ್ನು ಹಿಡಿದವರ ಗತಿಯೂ ಅದೇ ಆಯಿತು. ಅವನ್ನು ಹಂಚುತ್ತಿದ್ದ ಫ್ರೀನಾಮ್ ಸಂಸ್ಥೆ 2024ರಲ್ಲಿ ಆ ವ್ಯಾಪಾರವನ್ನೇ ಬಿಟ್ಟಿತು.

ಸ್ವಂತ ಹೆಸರೂ ಶಾಶ್ವತವಲ್ಲ ಎಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪುತ್ತೇನೆ. ಯುಗೊಸ್ಲಾವಿಯ ಎಂಬ ದೇಶ ಅಳಿದ ಮೇಲೆ ಅದರ ಡಾಟ್ ವೈಯು ಹೆಸರುಗಳೂ 2010ರಲ್ಲಿ ಅಳಿದವು. ಡಾಟ್ ಆರ್ಗ್‌ನ ಆಡಳಿತವನ್ನೇ ಖಾಸಗಿ ಹೂಡಿಕೆ ಸಂಸ್ಥೆಯೊಂದಕ್ಕೆ ಮಾರುವ ಯತ್ನ 2019ರಲ್ಲಿ ನಡೆದು, 2020ರ ಏಪ್ರಿಲ್‌ನಲ್ಲಿ ಐಕ್ಯಾನ್ ಅದನ್ನು ತಡೆಯಿತು. ಎಲ್ಲವೂ ಗುತ್ತಿಗೆಯೇ. ಆದರೆ ಗುತ್ತಿಗೆಯಲ್ಲೂ ತಾರತಮ್ಯವಿದೆ: ಪತ್ರ ನಮ್ಮ ಹೆಸರಿನಲ್ಲಿರುವ, ಅವಧಿ ನಮಗೆ ತಿಳಿದಿರುವ, ಸಾಮಾನು ಕಟ್ಟಿಕೊಂಡು ಬೇರೆ ಯಂತ್ರಕ್ಕೆ ಹೋದರೂ ವಿಳಾಸ ಬದಲಾಗದ ಗುತ್ತಿಗೆ ಒಂದು, ಮನೆಯೊಡೆಯನ ಮುಖವನ್ನೇ ಕಾಣದ ಗುತ್ತಿಗೆ ಇನ್ನೊಂದು.

ಓದುಗ ಬಳಗ ಬೆಳೆಯುವುದು ಹೇಗೆ ಎಂಬುದಕ್ಕೆ ನನ್ನ ಕಣ್ಣೆದುರಿನ ಈ ಊರೇ ಪಾಠ. ಇಲ್ಲಿಯ ರಾಮಲೀಲೆ 31 ದಿನ ನಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಿಂದ ಕಾಶೀನರೇಶರ ಆಶ್ರಯದಲ್ಲಿ ನಡೆದುಬಂದದ್ದು. ಧ್ವನಿವರ್ಧಕವಿಲ್ಲ, ವಿದ್ಯುದ್ದೀಪದ ರಂಗಸಜ್ಜಿಕೆಯಿಲ್ಲ. ಪಂಜು, ಪೆಟ್ರೋಮ್ಯಾಕ್ಸ್, ‘ಚುಪ್ ರಹೋ, ಸಾವಧಾನ್’ ಎಂಬ ಒಂದು ಕೂಗು, ಸಾವಿರಾರು ಜನ ಗಪ್‌ಚಿಪ್. ಊರಿನುದ್ದಕ್ಕೂ ಅಯೋಧ್ಯೆ, ಜನಕಪುರ, ಪಂಚವಟಿ, ಲಂಕೆ ಎಂದು ಸ್ಥಳಗಳು ನಿಗದಿಯಾಗಿವೆ. ಅಜ್ಜ ನೋಡಿದ ಲಂಕೆ ಎಲ್ಲಿತ್ತೋ ಮೊಮ್ಮಗನ ಲಂಕೆಯೂ ಅಲ್ಲೇ. ಜನ ಹೆಚ್ಚು ಸೇರುವ ಘಾಟಿಗೆ ಲಂಕೆಯನ್ನು ಈ ವರ್ಷ ಸಾಗಿಸೋಣ ಎಂದು ಯಾರೂ ಹೇಳುವುದಿಲ್ಲ. ಪ್ರೇಕ್ಷಕರೇ ಒಂದು ಸ್ಥಳದಿಂದ ಇನ್ನೊಂದಕ್ಕೆ ನಡೆಯುತ್ತಾರೆ. ಯುನೆಸ್ಕೊ 2005ರಲ್ಲಿ ರಾಮಲೀಲೆಯನ್ನು ಮಾನವಕುಲದ ಪರಂಪರೆಯೆಂದು ಸಾರಿದ್ದು ಆಮೇಲಿನ ಮಾತು. ಅದಕ್ಕೂ ಒಂದೂವರೆ ಶತಮಾನ ಮೊದಲೇ ಜನ ಬರುತ್ತಿದ್ದರು.

ಇಲ್ಲಿ ಒಂದು ಒಳ್ಳೆಯ ಪದವಿದೆ: ನೇಮಿ. ಒಂದು ದಿನವೂ ತಪ್ಪಿಸದೆ, ಕೈಯಲ್ಲಿ ಮಾನಸದ ಪ್ರತಿ ಹಿಡಿದು, ಲೀಲೆಯುದ್ದಕ್ಕೂ ಬರುವ ವ್ರತಸ್ಥ ಪ್ರೇಕ್ಷಕ. ನಮ್ಮ ‘ನೇಮ’ವೇ ಆ ಪದದ ಒಡಲಲ್ಲಿದೆ. ದಶಮಿಯಂದು ರಾವಣ ಉರಿಯುವುದನ್ನು ನೋಡಲು ಲಕ್ಷ ಜನ ನೆರೆದರೂ ಲೀಲೆಯನ್ನು ಹೊತ್ತು ನಡೆಸುವವರು ನೇಮಿಗಳು. ನಮ್ಮ ಸಂಪಾದಕರು ತಿಂಗಳ ಕೊನೆಗೆ ಎಣಿಸುವುದು ರಾವಣದಹನದ ಜನವನ್ನು. ಯಾವುದೋ ನಟನ ನಿಧನಕ್ಕೆ ಬರೆದ ಟಿಪ್ಪಣಿ ಹತ್ತು ಸಾವಿರ ಸಲ ತೆರೆಯಿತೆಂದು ಹಿಗ್ಗುತ್ತಾರೆ, ಮುಂದಿನ ವಾರ ಇನ್ನೊಂದು ಸಾವಿಗೆ ಕಾಯುತ್ತಾರೆ. ಪ್ರತಿ ಪ್ರಬಂಧವನ್ನೂ ಕೊನೆಯ ಸಾಲಿನವರೆಗೆ ಓದುವ ಇನ್ನೂರು ಜನ ಯಾರು, ಅವರಿಗೆ ಹೊಸ ಬರಹದ ಸುದ್ದಿ ಮುಟ್ಟುವುದು ಹೇಗೆ, ಕಳೆದ ವರ್ಷ ಅವರಲ್ಲಿ ಎಷ್ಟು ಜನ ದೂರವಾದರು? ಈ ಲೆಕ್ಕ ಯಾರ ಹತ್ತಿರವೂ ಇಲ್ಲ. ಅದು ಸಿಗುವುದು ಸ್ವಂತ ವಿಳಾಸವೂ ಸ್ವಂತ ಅಂಚೆಪಟ್ಟಿಯೂ ಇದ್ದವರಿಗೆ ಮಾತ್ರ. ಬೇರೆಯವರ ಅಂಗಳದಲ್ಲಿ ನೆರೆದ ಜನರ ಪಟ್ಟಿ ಅಂಗಳದ ಒಡೆಯನದು.

ಇದೇ ಊರಿನ ಕೋಟೆಯಿಂದ ಇನ್ನೊಂದು ನಿದರ್ಶನ. ಅಖಿಲ ಭಾರತೀಯ ಕಾಶಿರಾಜ ಟ್ರಸ್ಟ್ 1959ರಿಂದ ‘ಪುರಾಣಂ’ ಎಂಬ ಸಂಶೋಧನ ಪತ್ರಿಕೆಯನ್ನು ಹೊರಡಿಸಿತು, ವಾಮನ, ಕೂರ್ಮ, ವರಾಹ ಪುರಾಣಗಳ ಶುದ್ಧಪ್ರತಿಗಳನ್ನು ಪ್ರಕಟಿಸಿತು. ಅದರ ಓದುಗರು ಕೆಲವೇ ಮಂದಿ. ಆದರೆ ಜಗತ್ತಿನ ಯಾವ ಮೂಲೆಯ ಪುರಾಣ ವಿದ್ವಾಂಸನಿಗೂ ಪತ್ರ ಎಲ್ಲಿಗೆ ಬರೆಯಬೇಕೆಂದು ಗೊತ್ತಿತ್ತು: ಕೋಟೆ, ರಾಮನಗರ, ವಾರಾಣಸಿ. ಹೋಲಿಸಿ ನೋಡಿ, ನಮ್ಮ ಮೊದಲ ಪತ್ರಿಕೆಯ ಕಥೆ: ಮೊಗ್ಲಿಂಗನ ‘ಮಂಗಳೂರ ಸಮಾಚಾರ’ 1843ರಲ್ಲಿ ಹುಟ್ಟಿ, ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಹೆಚ್ಚು ಕಾಲ ಬಾಳಲಿಲ್ಲ. ಹೆಸರು ಬದಲಿಸಿದ್ದರಿಂದಲೇ ನಿಂತಿತೆಂದು ನಾನು ಹೇಳಲಾರೆ. ಆದರೆ ಮೊಗ್ಲಿಂಗನಿಗೆ ಕಾರಣವಾದರೂ ಇತ್ತು. ಮುದ್ರಣದ ಸೌಕರ್ಯವನ್ನು ಅರಸಿ ಹೋದ. ಇಂದು ಹೊಸ ವಿನ್ಯಾಸ ಬಂದಿತೆಂದೋ ಹೊಸ ಸಂಪಾದಕರು ಬಂದರೆಂದೋ ವಿಳಾಸ ಬದಲಿಸಿ, ಹಳೆಯ ಕೊಂಡಿಗಳನ್ನೆಲ್ಲ ಕತ್ತರಿಸುವವರಿಗೆ ಯಾವ ಕಾರಣವಿದೆ? ವರ್ಲ್ಡ್ ವೈಡ್ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದಾನೆ, ವಿಳಾಸ ತಾನಾಗಿ ಬದಲಾಗುವುದಿಲ್ಲ, ಮನುಷ್ಯರು ಬದಲಿಸುತ್ತಾರೆ ಎಂಬ ಅರ್ಥದಲ್ಲಿ.

ಕನ್ನಡಕ್ಕೆ ವಿಶೇಷವಾದ ತೊಡಕೂ ಒಂದಿದೆ. ರೋಮನ್ ಲಿಪಿಯಲ್ಲಿ ‘ಳ’ ಮತ್ತು ‘ಲ’ಗಳಿಗೆ, ‘ಣ’ ಮತ್ತು ‘ನ’ಗಳಿಗೆ ಭೇದವಿಲ್ಲ, ದೀರ್ಘಕ್ಕೆ ಒಂದಕ್ಷರವೋ ಎರಡೋ ಎಂಬುದು ಅವರವರ ರುಚಿ. ‘ಹೊಳೆ’ ಎಂದು ಹೆಸರಿಟ್ಟರೆ ಓದುಗ ಹುಡುಕುವುದು ‘ಹೋಲೆ’ಯನ್ನು. ಹಾಗಾಗಿ ಹೆಸರು ಆರಿಸುವಾಗ ಕವಿತ್ವಕ್ಕಿಂತ ಮೊದಲು ಕಾಗುಣಿತ ನೋಡಬೇಕು. ಅನಿವಾರ್ಯವಾದರೆ ಎರಡು ಬಗೆಯ ಬರವಣಿಗೆಯನ್ನೂ ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಬೇಕು. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಗೊಳ್ಳುವ ಹೆಸರುಗಳೂ ಈಗ ಇವೆ. ಅಭಿಮಾನದಿಂದ ಕೊಳ್ಳಿ, ನಾನೂ ಕೊಳ್ಳುತ್ತೇನೆ. ಆದರೆ ಅವನ್ನು ಪ್ರತಿ ಮಾಡಿ ಅಂಟಿಸಿದಾಗ ಎಷ್ಟೋ ಕಡೆ ಅರ್ಥವಾಗದ ರೋಮನ್ ಅಕ್ಷರಗಳ ಸರಮಾಲೆಯಾಗಿ ಕಾಣುತ್ತವೆ, ಅಂಥ ಹೆಸರಿನ ಮಿಂಚಂಚೆಯನ್ನು ಒಪ್ಪದ ನಮೂನೆಗಳು ಹಲವಿವೆ. ಸದ್ಯಕ್ಕೆ ಅದು ಎರಡನೆಯ ಬಾಗಿಲಾಗಿರಲಿ, ತಲೆಬಾಗಿಲಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹೆಸರು ಒಂದೇ ಇರಲಿ. ನೋಂದಣಿ ವ್ಯಕ್ತಿಯದಾಗದೆ ಬಳಗದ್ದಾಗಿರಲಿ. ಅದಕ್ಕೆ ಕೊಡುವ ಮಿಂಚಂಚೆ ಯಾರ ನೌಕರಿಗೂ ಅಂಟಿದ್ದಾಗಿರದಿರಲಿ, ಆ ಹೆಸರಿನ ಮೇಲೆಯೇ ನಿಂತದ್ದೂ ಆಗದಿರಲಿ, ಹೆಸರು ಹೋದರೆ ಅಂಚೆಯೂ ಹೋಗುತ್ತದೆ. ಬೀಗದ ಕೈ ಇಬ್ಬರ ಹತ್ತಿರ, ಸಾಧ್ಯವಾದರೆ ಎರಡು ಊರುಗಳಲ್ಲಿ ಇರಲಿ. ಐದು ವರ್ಷಕ್ಕಾದರೂ ಹಣ ಕಟ್ಟಿ, ಮುಗಿಯುವ ದಿನಾಂಕವನ್ನು ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರದೊಂದಿಗೆ ಓದಿ ಹೇಳಿ. ಹಳೆಯ ಹೆಸರು ಬೇಡವಾದರೂ ಬಿಡಬೇಡಿ. ಅದರಿಂದ ಹೊಸದಕ್ಕೆ ದಾರಿ ತೋರಿಸುವ ಖರ್ಚು ಬಳಗದ ಋಣ ಎಂದು ತಿಳಿಯಿರಿ. ಎಲ್ಲ ಬರಹಗಳ ಒಂದು ಪ್ರತಿ ವರ್ಷಕ್ಕೊಮ್ಮೆ ಹೊರಗೆ ಬರಲಿ. ಹೊಸ ಬರಹ ನಿಗದಿಯಾದ ದಿನದಂದೇ ಪ್ರಕಟವಾಗಲಿ, ಸುದ್ದಿ ಓದುಗರ ಅಂಚೆಗೆ ಹೋಗಲಿ. ಸಂತೆಗೂ ಹೋಗಿ, ಗಟ್ಟಿಯಾಗಿ ಕೂಗಿ; ಆದರೆ ಕೂಗಿನ ಕೊನೆಗೆ ಮನೆಯ ವಿಳಾಸ ಹೇಳಿ.

ಇಷ್ಟಕ್ಕೆ ರಾಜಾಶ್ರಯ ಬೇಕಿಲ್ಲ, ಅಕಾಡೆಮಿಯ ಅನುದಾನ ಬೇಕಿಲ್ಲ. ಬೇಕಾದದ್ದು ನೇಮ. ಹೊರನಾಡಿನ ನಮಗೆ ಇದು ಒಣ ಶಿಸ್ತಿನ ಮಾತಲ್ಲ. ನಮ್ಮ ಓದುಗರಿಗೆ ಪಕ್ಕದ ಬೀದಿಯಲ್ಲಿ ಕನ್ನಡದ ಪುಸ್ತಕದಂಗಡಿಯಿಲ್ಲ, ಗ್ರಂಥಾಲಯವಿಲ್ಲ. ಆ ಒಂದು ವಿಳಾಸವೇ ಅಂಗಡಿ, ಅದೇ ಗ್ರಂಥಾಲಯ. ಗಂಗೆಯಾಚೆ ಕಾಶಿಯಲ್ಲಿ ಕರ್ನಾಟಕ ಘಾಟ್ ಎಂಬ ಕಲ್ಲಿನ ಮೆಟ್ಟಿಲುಗಳಿವೆ, ಜಂಗಮವಾಡಿ ಮಠವಿದೆ. ಕನ್ನಡನಾಡಿನಿಂದ ಬಂದ ಯಾತ್ರಿಕ ಆ ಹೆಸರು ಹೇಳಿದರೆ ಯಾವ ರಿಕ್ಷಾದವನೂ ಬೇರೆಡೆ ಇಳಿಸುವುದಿಲ್ಲ. ನಮ್ಮ ಹಿರಿಯ ಸದಸ್ಯೆಯ ಮಗಳು ಮುಂದೊಂದು ದಿನ ಮತ್ತೆ ಕೇಳಿದರೆ ನಾವೂ ಹಾಗೆ ಒಂದು ಹೆಸರನ್ನು ಧೈರ್ಯವಾಗಿ ಹೇಳುವಂತಿರಬೇಕು. ಈ ತಿಂಗಳ ಸಭೆಯಲ್ಲಿ ಕವಿತಾವಾಚನ ಶುರುವಾಗುವ ಮೊದಲು ನಿಮ್ಮ ಬಳಗದಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮ ಮನೆ ಯಾರ ಹೆಸರಿನಲ್ಲಿದೆ, ಎಂದಿನವರೆಗೆ? ಉತ್ತರ ತಕ್ಷಣ ಬಾರದಿದ್ದರೆ ಕವಿತೆ ಸ್ವಲ್ಪ ಹೊತ್ತು ಕಾಯಲಿ.