ಬೈಕ್ ಟೂರಿಂಗ್ – ಭಾಗ 6: ಫಾಗ್ ಲೈಟಿಗಿಂತ ಮೊದ್ಲು ಫ್ಯೂಸ್

ಆಗುಂಬೆ ಘಾಟಿ ಮಂಜಿಗೆ ಅಂತ ಫಾಗ್ ಲೈಟ್ ಹಾಕಿಸ್ತಿದ್ದೀರಾ? ಹಾಕಿಸಿ. ಆದ್ರೆ ಹೆಡ್‌ಲೈಟ್ ವೈರನ್ನೇ ಸುಲಿದು, ಹೊಸ ವೈರ್ ಸುತ್ತಿ, ಟೇಪ್ ಅಂಟಿಸಿ ಕಳಿಸೋ ಕೆಲಸಕ್ಕೆ ಮಾತ್ರ ಒಪ್ಪಬೇಡಿ.

ಲೆಕ್ಕ ನೋಡಿ. 40 ವ್ಯಾಟಿನ ಎರಡು ಲೈಟ್ ಅಂದ್ರೆ 80 ವ್ಯಾಟ್; 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 7 ಆಂಪಿಯರ್. ಹ್ಯಾಂಡಲ್ ಮೇಲಿನ ಪುಟಾಣಿ ಸ್ವಿಚ್ಚಿಗೆ ಇಷ್ಟು ಹೊರೆ ಯಾಕೆ? ಅದು ರಿಲೇ ಆನ್ ಮಾಡಿದ್ರೆ ಸಾಕು. ಲೈಟಿಗೆ ಹೋಗೋ ಕರೆಂಟು ಬ್ಯಾಟರಿಯಿಂದ ರಿಲೇ ಮೂಲಕ ಹೋಗಲಿ.

ಆಮೇಲೆ ಫ್ಯೂಸ್ ಎಲ್ಲಿದೆ ಅಂತ ಕೇಳಿ. "ಲೈಟ್ ಹತ್ರ ಹಾಕಿದೀನಿ ಸಾರ್" ಅಂದ್ರೆ ಬಿಚ್ಚಿಸಿ. ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರ್ಬೇಕು ಅದು. ಫ್ಯೂಸ್ ಕಾಯೋದು ಮುಖ್ಯವಾಗಿ ಲೈಟನ್ನಲ್ಲ, ವೈರನ್ನ. ಹ್ಯಾಂಡಲ್ ತಿರುಗೋ ಕಡೆ ಉಜ್ಜಿ ಉಜ್ಜಿ ಸಿಪ್ಪೆ ಹೋದ ವೈರು ಫ್ರೇಮಿಗೆ ತಾಗಿದ್ರೆ, ಬೆಂಕಿ ಏಳೋದು ಪೆಟ್ರೋಲ್ ಟ್ಯಾಂಕಿನ ಬುಡದಲ್ಲೇ. ನನ್ನದು ಹೊಗೆಯಲ್ಲೇ ಮುಗೀತು, ಪುಣ್ಯ.

10 ಆಂಪಿಯರ್ ಫ್ಯೂಸು ಪದೇ ಪದೇ ಹೋಗ್ತಿದೆ ಅಂತ 30ರದ್ದು ತುರುಕೋ ಮಹಾನುಭಾವರೂ ಇದ್ದಾರೆ. ಅವರ ಕೈಗೆ ಕೀ ಕೊಡಬೇಡಿ.

ಮುಂದಿನ ಭಾಗ: ಕೀ ತೆಗೆದ್ಮೇಲೂ ಬ್ಯಾಟರಿ ಕುಡಿಯೋ ಮೊಬೈಲ್ ಚಾರ್ಜರ್.