ತಪಾಸಿನ ಚೌಕಶಿಯು ಬಹಿರಂಗವಾಗಲಿ

ಸಿಂದಗಿ ಸೀಮೆಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಶಾಸನ-ವಚನಗಳ ಸಂಶೋಧನೆಯಲ್ಲಿ ಆಯುಷ್ಯವನ್ನು ಸವೆಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರು 2015ನೆಯ ಆಗಸ್ಟ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಯಾವ ಮಾಸ್ತರರಿಗೆ ಈ ದುಃಖವು ಪರಕೀಯವಾದೀತು? ಆದರೆ ದುಃಖವನ್ನು ತೋಡಿಕೊಳ್ಳುವುದು ಇಲ್ಲಿ ನಮ್ಮ ಉದ್ದೇಶವಲ್ಲ. ತಪಾಸು ನಡೆದ ರೀತಿಯನ್ನು ಕುರಿತು ಒಂದು ಪ್ರಶ್ನೆಯನ್ನೆತ್ತುವುದೇ ಉದ್ದೇಶವು.

ತಪಾಸು ಮೊದಲು ರಾಜ್ಯದ ಸಿ.ಐ.ಡಿ. ಪೋಲೀಸರ ಕೈಯಲ್ಲಿತ್ತು. ವರುಷಗಳು ಉರುಳಿದರೂ ಆರೋಪಪಟ್ಟಿಯು ಕೋರ್ಟಿನ ಮೆಟ್ಟಿಲನ್ನೇರಲಿಲ್ಲ. ಕಡೆಗೆ ಅವರ ಪತ್ನಿಯವರು ಸುಪ್ರೀಂ ಕೋರ್ಟಿನ ಬಾಗಿಲನ್ನು ತಟ್ಟಬೇಕಾಯಿತು. 2018ರ ನವೆಂಬರಿನಲ್ಲಿ ಆ ಕೋರ್ಟು ತಪಾಸಿನ ಮಂದಗತಿಗಾಗಿ ಸರಕಾರವನ್ನು ಕಟುವಾಗಿ ಆಕ್ಷೇಪಿಸಿತು. 2019ರ ಫೆಬ್ರುವರಿಯಲ್ಲಿ, ಗೌರಿ ಲಂಕೇಶರ ಕೊಲೆಯನ್ನು ಶೋಧಿಸುತ್ತಿದ್ದ ವಿಶೇಷ ತಂಡಕ್ಕೆ ಈ ಕೆಲಸವನ್ನು ವಹಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಆರೋಪಪಟ್ಟಿಯು ದಾಖಲಾಯಿತು. ಮೂರೂವರೆ ವರುಷಗಳಲ್ಲಿ ಆಗದುದು ಆರು ತಿಂಗಳೊಳಗೆ ಆಯಿತು! ಗೌರಿಯವರ ಪ್ರಕರಣದ ಸುಳಿವುಗಳು ಹೊಸ ತಂಡಕ್ಕೆ ನೆರವಾದುದು ನಿಜ. ಆದರೆ ಎರಡೂ ಕಡೆ ದುಡಿದವರು ಇದೇ ರಾಜ್ಯದ ಪೋಲೀಸರೇ ಅಲ್ಲವೆ? ಹಾಗಾದರೆ ಕುಂದು ಎಲ್ಲಿತ್ತು? ಸಿಬ್ಬಂದಿಯ ಕೊರತೆಯಲ್ಲಿಯೋ, ಮೇಲಿನವರ ಔದಾಸೀನ್ಯದಲ್ಲಿಯೋ, ದಾಭೋಳಕರ ಹಾಗೂ ಪಾನಸರೆಯವರ ಕೊಲೆಗಳನ್ನು ಶೋಧಿಸುತ್ತಿದ್ದವರೊಡನೆ ಸಾಕಷ್ಟು ಹೊಂದಿಕೆಯಿಲ್ಲದುದರಲ್ಲಿಯೋ? ಇದಕ್ಕೆ ಉತ್ತರವು ಪ್ರಜೆಗಳಿಗೆ ಸಿಕ್ಕಲೇಬೇಕು.

ತಪಾಸೆಂಬುದು ಗುಪ್ತವಾಗಿಯೇ ನಡೆಯತಕ್ಕದ್ದು, ಅದನ್ನು ಬೀದಿಗೆಳೆದರೆ ಅಪರಾಧಿಗೇ ಅನುಕೂಲವೆಂದು ಕೆಲವರು ಹೇಳುವರು. ವಕೀಲರಾದ ನಾವು ಈ ಮಾತನ್ನು ಅಲ್ಲಗಳೆಯೆವು. ಕೊಂದವರಾರೆಂಬುದನ್ನು ನಿರ್ಣಯಿಸುವುದು ಕೋರ್ಟಿನ ಕೆಲಸ. ಅದರಲ್ಲಿ ನಾವು ಕೈಯಿಕ್ಕಲಾಗದು. ಆದರೆ ಕಾಲವು ವ್ಯರ್ಥವಾದುದೇಕೆಂಬುದು ಬೇರೆಯೇ ಪ್ರಶ್ನೆ. ಸಾಕ್ಷಿದಾರರ ಹೆಸರುಗಳನ್ನು ಮರೆಯಲ್ಲಿರಿಸಿ, ಆಡಳಿತದ ನಡೆಯನ್ನು ಬೆಳಕಿಗೆ ತರುವುದು ಅಸಾಧ್ಯವಲ್ಲ.

ಇದಕ್ಕೆ ಹೊಸ ಕಾಯದೆಯೂ ಬೇಕಿಲ್ಲ. 1952ರ ವಿಚಾರಣಾ ಆಯೋಗಗಳ ಕಾಯದೆಯು ಸಾಕ್ಷಿದಾರರನ್ನು ಕರೆಸುವ, ಕಾಗದಪತ್ರಗಳನ್ನು ತರಿಸುವ ಅಧಿಕಾರವನ್ನು ಆಯೋಗಕ್ಕೆ ಕೊಟ್ಟಿದೆ. ಯಾರ ಕೀರ್ತಿಗೆ ಕುಂದು ಬರುವ ಸಂಭವವಿದೆಯೋ ಅವರ ಮಾತನ್ನೂ ಆಯೋಗವು ಕೇಳಬೇಕು. ವರದಿಯು ಕೈಸೇರಿದ ಆರು ತಿಂಗಳೊಳಗೆ, ಕೈಕೊಂಡ ಕ್ರಮದ ವಿವರದೊಡನೆ, ಸರಕಾರವು ಅದನ್ನು ಶಾಸನಸಭೆಯ ಮುಂದಿಡಬೇಕು. ಆಯೋಗವು ಯಾರನ್ನೂ ಶಿಕ್ಷಿಸಲಾರದು. ಅದರ ಶಿಫಾರಸುಗಳು ಸರಕಾರವನ್ನು ಕಟ್ಟಿಹಾಕಲಾರವು. ಆದುದರಿಂದಲೇ ಬಹಿರಂಗತೆಯು ಅವಶ್ಯ. ಕಪಾಟಿನಲ್ಲಿ ಕೊಳೆಯುವ ವರದಿಗೆ ಬಲವಿಲ್ಲ. ಜನರು ಓದಿದ ವರದಿಗೆ ಬಲವುಂಟು.

ಇಂಥ ಚೌಕಶಿಯು ಬೆಂಗಳೂರಿನಲ್ಲಿ ಮಾತ್ರವಲ್ಲ, ಧಾರವಾಡ-ವಿಜಯಪುರಗಳಲ್ಲಿಯೂ, ಕನ್ನಡದಲ್ಲಿಯೇ ನಡೆಯಲಿ. ಪ್ರಾಮಾಣಿಕ ಪೋಲೀಸ ಅಧಿಕಾರಿಯು ಇದಕ್ಕೆ ಅಂಜಬೇಕಾಗಿಲ್ಲ. ಅವನ ಮೇಲಿನ ಸಂಶಯವನ್ನು ತೊಳೆಯುವ ಉಪಾಯವೂ ಇದೇ. ನಮ್ಮ ವಾಚಕರು ತಮ್ಮ ತಮ್ಮ ಊರುಗಳಲ್ಲಿ ಸಭೆ ಕೂಡಿ, ಈ ಬೇಡಿಕೆಯನ್ನು ತಮ್ಮ ಶಾಸಕರಿಗೆ ಮುಟ್ಟಿಸಬೇಕೆಂದು ಕೋರುತ್ತೇವೆ. ಸತ್ಯಶೋಧನೆಗಾಗಿ ಬಾಳಿದವರ ಸಾವಿನ ಶೋಧನೆಯು ಏಕೆ ತಡವಾಯಿತೆಂಬುದಾದರೂ ನಾಡಿಗೆ ತಿಳಿಯಲಿ.