ಪರದೇಶದ ಪಾಠವೂ ಊರಿನ ಕಡತವೂ

ಸರ್ಕಾರದ ಹಿರಿಯ ಅಧಿಕಾರಿಗಳು ‘ಸ್ಟ್ರಾಟೆಜಿಕ್ ಪ್ಲಾನಿಂಗ್’ ಎಂಬ ವಿದ್ಯೆಯನ್ನು ಕಲಿಯುವುದಕ್ಕಾಗಿ ಕೆಲವು ವಾರಗಳ ಕಾಲ ಪರದೇಶಗಳಲ್ಲಿದ್ದು ಬರುವುದು ಈಗ ಸಾಮಾನ್ಯವಾದ ಸಂಗತಿಯಾಗಿದೆ. ಇದು ಬೊಕ್ಕಸದ ಹಣದಲ್ಲಿ ನಡೆಯುವ ವಿಹಾರವೆಂದು ಹಾಸ್ಯಮಾಡುವವರ ಗುಂಪಿಗೆ ನಾವು ಸೇರಿದವರಲ್ಲ. ವಿದ್ಯೆಗಾಗಿ ಸಮುದ್ರ ದಾಟುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಹೋಗಿಬಂದವರು ತಂದುದೇನು, ತಂದುದನ್ನು ನಾವು ಎಲ್ಲಿ ಇರಿಸಿದೆವು ಎಂಬುದನ್ನು ಮಾತ್ರ ಕೇಳಲೇಬೇಕಾಗಿದೆ.

ಈ ವಿದ್ಯೆಯ ಹೆಸರು ದೊಡ್ಡದು; ತಿರುಳು ಸರಳವಾದುದು. ಗ್ರೀಕರು ದಂಡನಾಯಕನನ್ನು ಕರೆಯುತ್ತಿದ್ದ ‘ಸ್ಟ್ರಾಟೆಗೋಸ್’ ಎಂಬ ಶಬ್ದದಿಂದ ಈ ಮಾತು ಹುಟ್ಟಿತು. ನಮ್ಮ ಬಲವೇನು, ನ್ಯೂನತೆಯೇನು, ಹೊರಗಿನಿಂದ ಒದಗುವ ಅನುಕೂಲವೇನು, ಬರಬಹುದಾದ ಅಪಾಯವೇನು ಎಂದು ನಾಲ್ಕು ಮನೆಗಳ ಪಟ್ಟಿಯನ್ನು ಬರೆಯುವುದು. ಇಷ್ಟು ವರ್ಷಗಳಲ್ಲಿ ಮುಟ್ಟಬೇಕಾದ ಗುರಿಯನ್ನು ಗೊತ್ತುಮಾಡುವುದು. ಕೆಲಸವು ನಡೆಯಿತೆಂಬುದಕ್ಕೆ ಅಳತೆಯೊಂದನ್ನು ಇಟ್ಟುಕೊಳ್ಳುವುದು. ಹಣವನ್ನು ಆ ಗುರಿಗೆ ಹೊಂದಿಸುವುದು. ನಡುನಡುವೆ ನೋಡಿ ತಿದ್ದುವುದು. ಇವೆಲ್ಲಕ್ಕಿಂತ ಕಠಿನವಾದುದೆಂದರೆ, ಯಾವ ಕೆಲಸವನ್ನು ಮಾಡುವುದಿಲ್ಲವೆಂದು ನಿರ್ಧರಿಸುವುದು. ನಮ್ಮ ಇಲಾಖೆಗಳು ಹೊಸ ಯೋಜನೆಗಳನ್ನು ಕೂಡಿಸುವುದರಲ್ಲಿ ನಿಪುಣವಾಗಿವೆ; ಹಳೆಯದೊಂದನ್ನು ಕೈಬಿಟ್ಟ ಸುದ್ದಿಯನ್ನು ಅಚ್ಚುಮಾಡುವ ಭಾಗ್ಯವು ನಮಗೆ ಬಲು ಅಪರೂಪವಾಗಿ ಒದಗಿದೆ.

ಪಾಠಹೇಳುವ ದೇಶಗಳೂ ಇದರಲ್ಲಿ ಮುಗ್ಗರಿಸಿದ್ದುಂಟು. ಅಮೆರಿಕದ ರಕ್ಷಣಾ ಇಲಾಖೆಯಲ್ಲಿ 1961ರಿಂದ ಮ್ಯಾಕ್‌ನಮಾರಾ ಅವರು ಯೋಜನೆಯನ್ನೂ ಆಯವ್ಯಯವನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ಕ್ರಮವನ್ನು ತಂದರು. 1965ರಲ್ಲಿ ಅಧ್ಯಕ್ಷ ಜಾನ್ಸನ್ನರು ಅದನ್ನು ಇತರ ಇಲಾಖೆಗಳಿಗೂ ವಿಧಿಸಿದರು. ಆ ಇಲಾಖೆಗಳಲ್ಲಿ 1971ರಲ್ಲೇ ಅದನ್ನು ಕೈಬಿಡಬೇಕಾಯಿತು. ಕೆನಡಾದ ಹೆನ್ರಿ ಮಿಂಟ್ಸ್‌ಬರ್ಗ್ ಎಂಬ ವಿದ್ವಾಂಸರು 1994ರಲ್ಲಿ ಈ ಶಾಸ್ತ್ರದ ಏರಿಳಿತಗಳನ್ನು ಕುರಿತೇ ಗ್ರಂಥವೊಂದನ್ನು ಪ್ರಕಟಿಸಿ, ಯೋಜನೆ ಬರೆಯುವುದು ವಿಂಗಡಿಸುವ ಕೆಲಸ, ತಂತ್ರವನ್ನು ಕಾಣುವುದು ಕೂಡಿಸುವ ಕೆಲಸ, ಒಂದರಿಂದ ಇನ್ನೊಂದು ತಾನಾಗಿ ಹುಟ್ಟಲಾರದು ಎಂದು ವಾದಿಸಿದರು. ನಮ್ಮವರು ಹೊರಡುವ ಮುನ್ನ ಈ ಗ್ರಂಥವನ್ನು ಓದಿಕೊಂಡರೆ ನಷ್ಟವೇನಿಲ್ಲ.

ಪರದೇಶದಿಂದ ಕಲಿಯುವುದು ಹೇಗೆಂಬುದಕ್ಕೆ ಏಷ್ಯದಲ್ಲಿಯೇ ಉತ್ತಮ ನಿದರ್ಶನವಿದೆ. ಜಪಾನ್ ಸರ್ಕಾರವು 1871ರ ಡಿಸೆಂಬರಿನಲ್ಲಿ ಇವಾಕುರ ತೊಮೊಮಿಯವರ ಮುಖಂಡತ್ವದಲ್ಲಿ ಒಕುಬೊ, ಕಿಡೊ, ಇತೊ ಮೊದಲಾದ ತನ್ನ ಪ್ರಮುಖರನ್ನೇ ಅಮೆರಿಕಕ್ಕೂ ಯೂರೋಪಿಗೂ ಕಳುಹಿಸಿತು. ಶಾಲೆ, ಕಾರ್ಖಾನೆ, ಶಾಸನಸಭೆಗಳನ್ನೆಲ್ಲ ನೋಡಿಕೊಂಡು ಆ ನಿಯೋಗವು ಮರಳಿದ್ದು 1873ರ ಸೆಪ್ಟೆಂಬರಿನಲ್ಲಿ. ಅದರೊಡನೆ ಹೋಗಿದ್ದ ಕುಮೆ ಕುನಿತಾಕೆ ಎಂಬ ವಿದ್ವಾಂಸರು ಕಂಡುದನ್ನೆಲ್ಲ ಬರೆದಿಟ್ಟು, 1878ರಲ್ಲಿ ಐದು ಸಂಪುಟಗಳಾಗಿ, ದೇಶಭಾಷೆಯಲ್ಲಿ, ಸಾರ್ವಜನಿಕರ ಕೈಗೆ ಕೊಟ್ಟರು. ಹೋಗಿಬಂದವರೂ ಮೂಲೆಗೆ ಸೇರಲಿಲ್ಲ. ಒಕುಬೊ ಅವರು 1873ರಲ್ಲೇ ಒಳಾಡಳಿತದ ಮಂತ್ರಿಗಳಾಗಿ ಕೈಗಾರಿಕೆಗಳಿಗೆ ಬೆಂಬಲವಾದರು. ಇತೊ ಅವರು 1885ರಲ್ಲಿ ಮೊದಲ ಪ್ರಧಾನಮಂತ್ರಿಗಳಾದರು.

ನಿಯೋಗವು ಮರಳಿದ ಇಪ್ಪತ್ತೈದು ವರ್ಷಗಳ ಮೇಲೆ, 1898ರಲ್ಲಿ, ಮುಂಬಯಿ ಪ್ರಾಂತದಲ್ಲಿ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಅದೇ ಜಪಾನನ್ನು ನೋಡಿಬಂದರು. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರಾಗಿ ಬಂದ ಆ ಮಹನೀಯರ ಉತ್ಸಾಹದಿಂದ 1911ರಲ್ಲಿ ಸಂಪದಭ್ಯುದಯ ಸಮಾಜವು ಹುಟ್ಟಿತು. ವ್ಯವಸಾಯ, ವಿದ್ಯೆ, ಕೈಗಾರಿಕೆಗಳನ್ನು ಕುರಿತು ತಾಲ್ಲೂಕಿನವರೂ ಕುಳಿತು ವಿಚಾರಮಾಡುವ ಏರ್ಪಾಡು ಆಯಿತು. ಬಳಿಕ 1912ರಿಂದ 1918ರ ವರೆಗೆ ಅವರು ದಿವಾನರಾಗಿದ್ದರು. 1913ರಲ್ಲಿ ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ. ಆರು ವರ್ಷ ಒಂದೇ ಪೀಠದಲ್ಲಿ ಕುಳಿತಿರದಿದ್ದರೆ ಜಪಾನಿನಲ್ಲಿ ಕಂಡದ್ದು ಅವರ ಟಿಪ್ಪಣಿಯ ಪುಸ್ತಕದಲ್ಲಿಯೇ ಉಳಿಯುತ್ತಿತ್ತು.

ಈಗ ಹಾಗೆ ಕುಳಿತಿರಲು ಬಿಡುವವರು ಯಾರು? ನೀರಾವರಿಯ ಯೋಜನೆಯನ್ನು ಅಭ್ಯಾಸಮಾಡಿ ಬಂದ ಅಧಿಕಾರಿಯು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಅಬ್ಕಾರಿಗೋ ಮುಜರಾಯಿಗೋ ವರ್ಗವಾದರೆ, ಕಲಿತ ವಿದ್ಯೆಯು ಪ್ರಮಾಣಪತ್ರದ ಚೌಕಟ್ಟಿನೊಳಗೆ ಗೋಡೆ ಸೇರುತ್ತದೆ. ಆಡಳಿತ ಸೇವೆಯವರಿಗೆ ಒಂದು ಹುದ್ದೆಯಲ್ಲಿ ಇಷ್ಟು ಕಾಲವೆಂದು ಗೊತ್ತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರ ಅಕ್ಟೋಬರಿನಲ್ಲಿ ಆಜ್ಞೆಮಾಡಿತು. 2014ರ ಜನವರಿಯಲ್ಲಿ ಕೇಂದ್ರಸರ್ಕಾರವು ನಿಯಮಗಳನ್ನು ತಿದ್ದಿ, ಕನಿಷ್ಠ ಎರಡು ವರ್ಷವೆಂದು ಸೇರಿಸಿತು. ಆದರೆ ಅವಧಿಗೆ ಮುಂಚೆಯೇ ವರ್ಗಮಾಡುವುದಕ್ಕೂ ಆ ನಿಯಮದೊಳಗೇ ಬಾಗಿಲಿದೆ. ಬಾಗಿಲಿದ್ದ ಮೇಲೆ ಓಡಾಡುವವರು ಇಲ್ಲದೆ ಹೋಗುವರೇ?

ಅಧಿಕಾರಿಗಳ ಮೇಲೂ ಒಂದು ಮಾತನ್ನು ಹೇಳಬೇಕಾಗಿದೆ. ನಿವೃತ್ತಿಯ ಹೊಸ್ತಿಲಲ್ಲಿರುವವರು ಹತ್ತು ವರ್ಷಗಳ ಮುಂದಾಲೋಚನೆಯನ್ನು ಕಲಿಯಹೊರಡುವುದು ಯಾರ ಪ್ರಯೋಜನಕ್ಕೆ? ಆ ಸ್ಥಳವನ್ನು ಕಿರಿಯರಿಗೆ ಬಿಟ್ಟುಕೊಡುವುದು ಗೌರವವಾದೀತು.

ಆದುದರಿಂದ ಸರ್ಕಾರದವರಲ್ಲಿ ನಮ್ಮ ಬಿನ್ನಹವಿಷ್ಟೆ. ಹೀಗೆ ಹೋಗುವವರು ಮರಳಿದ ಮೇಲೆ ಮೂರು ವರ್ಷಗಳಾದರೂ ಅದೇ ಇಲಾಖೆಯಲ್ಲಿರತಕ್ಕದ್ದೆಂದು ಕಳುಹಿಸುವ ಹುಕುಮಿನಲ್ಲಿಯೇ ಬರೆಯಲಿ. ಎರಡು ತಿಂಗಳೊಳಗಾಗಿ ಅವರು ಕನ್ನಡದಲ್ಲಿ ವರದಿಯೊಂದನ್ನು ಒಪ್ಪಿಸಲಿ. ಯೋಜನೆಯು ಕೊನೆಗೆ ಹೋಗಿ ತಲಪುವುದು ತಹಶೀಲ್ದಾರರ ಮೇಜಿಗೂ ಗ್ರಾಮಪಂಚಾಯತಿಗೂ ಆಗಿರುವುದರಿಂದ, ವರದಿಯು ಅವರ ಕೈಗೂ ಹೋಗಲಿ. ಮುಂದಿನ ತಂಡವು ವಿಮಾನವೇರುವ ಮೊದಲು ಹಿಂದಿನ ತಂಡದವರ ವರದಿಗಳನ್ನು ಹೊರಕ್ಕೆ ತೆಗೆದರೆ, ಅವುಗಳ ಸಾರಾಂಶಕ್ಕೆ ಈ ಪುಟದಲ್ಲಿ ಸ್ಥಳವನ್ನು ನಾವು ಕಾದಿರಿಸಿದ್ದೇವೆ.